ಮಕ್ಕಳ ಬಚ್ಚಲಿನ ಗಿಳಿಗೂಟಗಳು

ಬಚ್ಚಲಿನ ಜಾಲರಿಗೆ ಸಿಕ್ಕಿಕೊಂಡ ಕೂದಲನ್ನು ಕೈಯಿಂದ ಎತ್ತುವುದು ನನ್ನಿಂದ ಈಗಲೂ ಆಗುವುದಿಲ್ಲ. ಹಳೆಯ ಬ್ರಷ್ಷಿನ ಹಿಡಿಕೆಯಿಂದ ಎಬ್ಬಿಸುತ್ತೇನೆ, ಉಸಿರು ಹಿಡಿದು ಪೇಪರಿನ ಚೂರಿನ ಮೇಲೆ ಇಳಿಸುತ್ತೇನೆ. ಕೂದಲಿನ ಜೊತೆಗೆ ಜಾಲರಿಯ ಕೆಳಗಿನ ಬೂದುಬಣ್ಣದ ಲೋಳೆಯೂ ಎಳೆಯಾಗಿ ಮೇಲೆ ಬರುತ್ತದಲ್ಲ, ಅಲ್ಲಿಗೆ ಮುಖ ತಾನಾಗಿ ಆ ಕಡೆ ತಿರುಗುತ್ತದೆ. ಕೊಪ್ಪಳದ ನಮ್ಮ ಮನೆಯಲ್ಲಿ ಐದು ಜನಕ್ಕೆ ಇದ್ದದ್ದು ಒಂದೇ ಬಚ್ಚಲು, ಅದರ ಮೂಲೆಯಲ್ಲೇ ಸಂಡಾಸು. ಸಾಬೂನಿಗೆ ಅಂಟಿದ ಕೂದಲು ಗಂಡನದೋ ಅತ್ತೆಯದೋ ಎಂದು ಉದ್ದ ನೋಡಿ ಹೇಳಬಲ್ಲವಳಾಗಿದ್ದೆ. ಬೋರಿನ ಸವಳು ನೀರು ಬಕೀಟಿನ ಒಳಗೆಲ್ಲ ಬಿಳಿ ಹೊಪ್ಪಳೆ ಕಟ್ಟುತ್ತಿತ್ತು. ಬಾಗಿಲ ಬಳಿಯ ರಬ್ಬರ್ ಚಪ್ಪಲಿಯನ್ನು ತಿರುವಿ ಹಾಕಿದರೆ ಅಡಿಯಲ್ಲಿ ಹಸಿರು ಪಾಚಿ. ನನ್ನ ಮಗ, ಆಗ ಅವನಿಗೆ ಎಂಟು ವರ್ಷ, ಬಾಯಿ ಮುಕ್ಕಳಿಸಿದ ನೊರೆಯನ್ನು ತಂಬಿಗೆಯೊಳಗೇ ಉಗುಳಿ ಅದನ್ನು ಬಕೀಟಿನಲ್ಲಿ ತೇಲಿಬಿಟ್ಟು ಶಾಲೆಗೆ ಹೋಗುತ್ತಿದ್ದ.

ನನ್ನ ಗಂಡನಿಗೆ ಗಂಗಾವತಿಯಲ್ಲಿ ಪೈಪು, ಪಂಪಿನ ಮೋಟಾರು ಮಾರುವ ಅಂಗಡಿ. ಭತ್ತದ ಗದ್ದೆಗಳಿಗೆಲ್ಲ ನೀರು ಹರಿಸುವ ಮನುಷ್ಯನ ಮನೆಯ ಮೋರಿ ಮಾತ್ರ ವಾರಕ್ಕೊಮ್ಮೆ ಕಟ್ಟುತ್ತಿತ್ತು. ಹೇಳಿದರೆ, "ನೋಡೂನು ಬಿಡು" ಅನ್ನುವರು. ಯಲಬುರ್ಗಾ ಕಡೆಯ ನನ್ನ ಅತ್ತೆಗೆ ಇದೆಲ್ಲ ಒಂದು ವಿಷಯವೇ ಅಲ್ಲ. "ಹೊಲಸು ತೊಳಕೊಳ್ಳೂ ಜಾಗ ಅದು. ಹೊಲಸು ಇರದ ಮತ್ತೇನು ಮಲ್ಲಿಗಿ ಇರ್ತೈತೇನವಾ?" ಎಂದು ನನ್ನನ್ನೇ ಕೇಳುವರು.

ನಾನು ಇದನ್ನೆಲ್ಲ ಸಹಿಸಿಕೊಂಡೇ ಇದ್ದುಬಿಡುತ್ತಿದ್ದೆನೇನೋ. ಮಗಳ ಕಾರಣಕ್ಕೆ ಆಗಲಿಲ್ಲ. ಐದು ವರ್ಷದ ಅವಳು ಒಂದನೇ ಕ್ಲಾಸಿಗೆ ಹೋಗಲು ಶುರು ಮಾಡಿದ ಮೇಲೆ ಸಂಡಾಸಿಗೆ ಹೋಗುವುದನ್ನು ತಡೆದುಕೊಳ್ಳುವುದನ್ನು ಕಲಿತಳು. ಶಾಲೆಯಲ್ಲಂತೂ ಇಲ್ಲ, ಮನೆಯಲ್ಲೂ ಇಲ್ಲ. ಎರಡು ದಿನ, ಮೂರು ದಿನ. ಬಾಗಿಲ ಚೌಕಟ್ಟು ಹಿಡಿದು, ಹಿಮ್ಮಡಿ ಎತ್ತಿ, ಕಾಲಿಗೆ ಕಾಲು ಹೆಣೆದು ನಿಲ್ಲುವಳು. ಮುಖ ಕೆಂಪಾಗುವುದು, ಆಮೇಲೆ ಹಣೆಯ ಮೇಲೆ ಬೆವರಿನ ಸಣ್ಣ ಹನಿಗಳು. "ಹೋಗಿ ಬಾ ಚಿನ್ನಿ" ಅಂದರೆ, "ಅಣ್ಣ ಹಸಿ ಮಾಡ್ಯಾನ. ನಾ ಒಲ್ಲೆ."

ಆ ನಿಲುವು ನನಗೆ ಗೊತ್ತಿತ್ತು. ನಾನು ಓದಿದ್ದು ಗಂಗಾವತಿಯ ಒಂದು ಕಾನ್ವೆಂಟಿನಲ್ಲಿ. ಪ್ರಾರ್ಥನೆಗೆ ಮೊದಲು ಸಿಸ್ಟರ್ ಸಾಲಿನುದ್ದಕ್ಕೂ ನಡೆದು ಉಗುರು, ಕಿವಿಯ ಹಿಂಭಾಗ, ಎದೆಗೆ ಪಿನ್ನು ಹಾಕಿದ ಕರವಸ್ತ್ರ ನೋಡುತ್ತಿದ್ದರು. ನನ್ನ ಕರವಸ್ತ್ರದಲ್ಲಿ ಎಂದೂ ಕಲೆ ಇರಲಿಲ್ಲ. ಅದಕ್ಕೆ ಬಹುಮಾನವಾಗಿ ಬಂದ ಪೆನ್ಸಿಲ್ ಡಬ್ಬಿ ಇನ್ನೂ ನನ್ನ ಹತ್ತಿರ ಇದೆ. ಅಷ್ಟು ಚೊಕ್ಕ ಹುಡುಗಿಯರ ಶಾಲೆಯ ಹಿಂದಿನ ಸಂಡಾಸುಗಳ ಸಾಲಿಗೆ ನಾನು ಹತ್ತು ವರ್ಷದಲ್ಲಿ ಕಾಲಿಟ್ಟದ್ದು ಒಂದೇ ಸಲ. ಬಾಗಿಲು ತಳ್ಳಿ, ಕಂಡದ್ದನ್ನು ಕಂಡು, ಹಾಗೇ ಹಿಂದಕ್ಕೆ ಬಂದೆ. ಮುಂದೆ ಪ್ರತಿದಿನ ಮನೆ ಮುಟ್ಟುವತನಕ ತಡೆದುಕೊಂಡೆ. ಹತ್ತನೇ ಕ್ಲಾಸಿನಲ್ಲಿ ಉರಿಮೂತ್ರವಾಗಿ ಜ್ವರ ಬಂದಾಗ ಡಾಕ್ಟರು ನೀರು ಕುಡಿಯುವುದಿಲ್ಲವೇ ಎಂದು ಬೈದರು. ನಾನು ಕಾರಣ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಮಗಳು ಆ ಹಾದಿ ಹಿಡಿಯಬಾರದು ಅಂತ ಮೆಟ್ಟಿಲ ಕೆಳಗಿನ ಸಾಮಾನಿನ ಕೋಣೆಯನ್ನು ಮಕ್ಕಳ ಬಚ್ಚಲು ಮಾಡುತ್ತೇನೆ ಅಂದೆ. ಗಂಡ ಊಟದ ತಾಟಿನಿಂದ ತಲೆ ಎತ್ತಿದರು.

"ಮಕ್ಕಳಿಗೆ ಬ್ಯಾರೆ ಬಚ್ಚಲ? ಏನು ನವಾಬರೇನು ಅವರು?"

"ನಿಮ್ಮ ಅಂಗಡ್ಯಾಗಿನ ಪೈಪು ಬರ್ಲಿ. ಉಳಿದದ್ದು ನಾ ನೋಡ್ಕೊತೀನ್ರಿ."

ಮಗನ ಗಣಿತದ ಚೌಕುಳಿ ಹಾಳೆಯ ಮೇಲೆ ನಕ್ಷೆ ಬರೆದೆ. ಇಬ್ಬರನ್ನೂ ಗೋಡೆಗೆ ನಿಲ್ಲಿಸಿ, ಕೈ ಎಲ್ಲಿಗೆ ಮುಟ್ಟುತ್ತದೆ ಅಂತ ಸೀಸದಕಡ್ಡಿಯಿಂದ ಗುರುತು ಹಾಕಿದೆ. ಬೇಸಿನ್ನು ಅವಳ ಎದೆಯ ಮಟ್ಟಕ್ಕೆ, ನಳ ಎರಡು, ಜಗಳ ಬೇಡ ಅಂತ. ಕನ್ನಡಿ ಕೆಳಗೆ, ಇಬ್ಬರ ಮುಖವೂ ಒಟ್ಟಿಗೆ ಕಾಣುವಷ್ಟು ಅಗಲ. ಕುಳಿತುಕೊಳ್ಳುವ ಸಂಡಾಸಿಗೆ ಚಿಕ್ಕದಾದ ಸೀಟು. ಅವಳ ಕಾಲು ಜೋತಾಡಬಾರದೆಂದು ಮುಂದೆ ಆನೆಯಾಕಾರದ ಮಣೆ. ನೆಲಕ್ಕೆ ಕುಷ್ಟಗಿ ಕಡೆಯಿಂದ ಬಂದ ಕೆಂಪು ಕಲ್ಲು, ಪಾಲಿಶ್ ಇಲ್ಲದ್ದು. ಜಾರಬಾರದಲ್ಲ. ನೆಲ ಹಾಕಲು ಬಂದ ಗೌಂಡಿ ಒಪ್ಪಲಿಲ್ಲ. "ಅಕ್ಕಾರ, ಒರಟು ಕಲ್ಲಿನ ಸಂದ್ಯಾಗ ಹೊಲಸು ಕುಂದರತೈತ್ರಿ. ಆಮ್ಯಾಲ ನೀವ ತಿಕ್ಕೋರು." ತಿಕ್ಕುತ್ತೇನೆ ಅಂದೆ. ತಿಕ್ಕುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವಳು ತಾನಾಗಿ ಓಡಿ ಬರುವಂಥ ಜಾಗ ಅದಾಗಬೇಕಿತ್ತು. ಟವೆಲ್ಲು, ಬ್ರಷ್ಷು ತೂಗುಹಾಕುವ ಗೂಟಗಳಿಗೆ ಪ್ಲಾಸ್ಟಿಕ್ಕಿನ ಕಾರ್ಟೂನು ಅಂಟಿಸುವುದು ನನಗೆ ಸೇರಲಿಲ್ಲ. ಇಷ್ಟು ಹತ್ತಿರ ಮರದ ಗೊಂಬೆಗಳ ಕಿನ್ನಾಳ ಇಟ್ಟುಕೊಂಡು ಪ್ಲಾಸ್ಟಿಕ್ ಯಾಕೆ? ಮಗಳಿಗೆ ಗಿಳಿ, ಮಗನಿಗೆ ಕುದುರೆ, ನಾಲ್ಕು ನಾಲ್ಕು.

ಗೊಂಬೆ ಮಾಡುವ ಹಿರಿಯರೊಬ್ಬರ ಪಡಸಾಲೆಯಲ್ಲಿ ಕುಳಿತು ನಕ್ಷೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಹಾಳೆಯನ್ನು ದೂರ ಹಿಡಿದು ನೋಡಿದರು.

"ಇದು ಎಲ್ಲಿ ಹಚ್ಚಾಕ್ರಿ ಅಕ್ಕಾರ? ದೇವರ ಮನಿಗೇನು?"

"ಮಕ್ಕಳ ಬಚ್ಚಲಕ್ಕ, ಕಾಕಾ."

ಅವರು ಹಾಳೆಯನ್ನು ಮಡಚಿ ನನ್ನ ಕೈಗೆ ವಾಪಸು ಕೊಟ್ಟರು. "ಬ್ಯಾಡ್ರಿ. ಇದು ಹಗುರು ಕಟಗಿ. ಮ್ಯಾಲೆ ಹುಣಸಿ ಬೀಜ ಅರದು ಅಂಟು ಮಾಡಿ ಮೆತ್ತಿರ್ತೀವಿ. ನೀರಿಗೆ ತಡಿಯಾಂಗಿಲ್ಲ."

"ಮ್ಯಾಲೆ ವಾರ್ನಿಶ್ ಹೊಡಸ್ತೀನಿ."

"ವಾರ್ನಿಶ್ ಅಂಗಿ ಇದ್ದಂಗ್ರಿ. ಒಳಗಿನ ಮೈ ಅದ ಅಲ್ಲ?" ಅಂದು, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿ, "ಗಿಳಿ ಜಳಕ ಮಾಡ್ತಾವಂತ" ಅಂದರು. ಆಕೆ ಸೆರಗಿನೊಳಗೆ ನಕ್ಕರು. ನಾನು ಮೆಲ್ಲಗೆ, ಬಹಳ ಮರ್ಯಾದೆಯಿಂದ, ಮತ್ತೆ ಮತ್ತೆ ಕೇಳಿದೆ. ಮೆಲ್ಲಗೆ ಕೇಳಿ ಕೇಳಿ ನನ್ನ ಹಟ ಸಾಧಿಸುವುದು ನನ್ನ ಹಳೆಯ ರೂಢಿ. ಕೊನೆಗೆ ಅವರು ಮಾಡಿಕೊಟ್ಟರು.

ಎಂಟೂ ಗೂಟಗಳು ಗೋಡೆಗೇರಿದ ದಿನ ಮಗಳು ಗಿಳಿಗಳ ಹೊಟ್ಟೆಯನ್ನು ಒಂದೊಂದಾಗಿ ಸವರಿದಳು. ಬಿಳಿ ಟೈಲ್ಸಿನ ಮೇಲೆ ಹಸಿರು ಗಿಳಿ, ಹಳದಿ ಕುದುರೆ. ಅಕ್ಕಪಕ್ಕದವರು ಬಂದು ನೋಡಿ ಹೋದರು. ಮುಖ್ಯ ಏನೆಂದರೆ ಅವಳು ಹೋದಳು. ಆನೆಯ ಮೇಲೆ ಕಾಲಿಟ್ಟು, ಗಿಳಿಗಳ ಜೊತೆ ಅದೂ ಇದೂ ಮಾತಾಡುತ್ತ, ದಿನಾ ಬೆಳಿಗ್ಗೆ ಹೋಗುತ್ತಿದ್ದಳು. ಮುಗಿಸಿ "ಮಮ್ಮೀ" ಅಂತ ಕೂಗುವಳು. ನಾನು ಹೋಗಿ ತೊಳೆಯುತ್ತಿದ್ದೆ, ಅವಳು ಗಿಳಿಗಳನ್ನೇ ನೋಡುತ್ತ ನಿಲ್ಲುವಳು. ಗೆದ್ದೆ ಅಂದುಕೊಂಡೆ.

ಮಳೆ ಶುರುವಾಗಿ ಎರಡು ವಾರಕ್ಕೆ ಮೊದಲ ಗಿಳಿ ಬೆವರಿತು. ಕೊಕ್ಕಿನ ತುದಿಯಲ್ಲಿ ಕೆಂಪು ಹನಿ. ಬೆರಳಿನಿಂದ ಒರೆಸಿದರೆ ಅಂಟು, ಮೂಗಿಗೆ ಹಿಡಿದರೆ ಹಳಸಿದ ಗಂಜಿಯ ವಾಸನೆ. ಮೆಟ್ಟಿಲ ಕೆಳಗಿನ ಕೋಣೆಗೆ ಇದ್ದದ್ದು ಅಂಗೈಯಗಲದ ಕಿಂಡಿ, ಮಕ್ಕಳೋ ಒಬ್ಬರ ಮೇಲೊಬ್ಬರು ನೀರೆರಚುವವರು. ಗಿಳಿಗಳ ಹೊಟ್ಟೆ ಉಬ್ಬಿತು. ವಾರ್ನಿಶ್ ಹಾಲಿನ ಕೆನೆಯಂತೆ ಸುಕ್ಕಾಗಿ, ಒಡೆದು, ಒಳಗಿನಿಂದ ಬೂದು ಹಿಟ್ಟು ಹೊರಬಂತು. ಹಸಿರು ಬಣ್ಣ ಟೈಲ್ಸಿನ ಮೇಲೆ ಸಿಂಬಳದಂತೆ ಉದ್ದಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಮಗ ಟವೆಲ್ಲು ಎಳೆದರೆ ಕುದುರೆಯ ಮುಂಗಾಲು ಅದರ ಜೊತೆ ಬಂತು. ಅವನು ಅದರಿಂದಲೇ ಮುಖ ಒರೆಸಿಕೊಂಡು, ಕೆನ್ನೆಯ ಮೇಲೆ ಹಳದಿ ಲೋಳೆ ಬಳಿದುಕೊಂಡು ತಿಂಡಿಗೆ ಬಂದು ಕುಳಿತ. ನಾನು ನನ್ನ ಉಪ್ಪಿಟ್ಟಿನ ತಾಟು ದೂರ ಸರಿಸಿದೆ.

ಆಗಲೇ ಕಿತ್ತುಹಾಕಬೇಕಿತ್ತು. ಹಾಗೆ ಮಾಡಿದರೆ ಮಗಳು ಮತ್ತೆ ಹೋಗುವುದನ್ನು ಬಿಟ್ಟಾಳೆಂಬ ಭಯ. ಒಣಬಟ್ಟೆಯಿಂದ ದಿನಾ ಒರೆಸಿದೆ. ಒರೆಸುವಾಗ ಗಿಳಿಗಳ ಬೆನ್ನ ಹಿಂದೆ ಏನೋ ಸರಿದಂತಾಗುತ್ತಿತ್ತು. ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ.

ಹುಣಸೆಬೀಜದ ಅಂಟು ಜಿರಳೆಗಳಿಗೆ ಊಟ. ನಾನು ನನ್ನ ಕೈಯಾರೆ ಎಂಟು ಕಡೆ ಅವಕ್ಕೆ ಎಲೆ ಹಾಕಿ ಬಡಿಸಿದ್ದೆ.

ಮಗಳು ಕುಳಿತಿದ್ದಾಗಲೇ ಗಿಳಿಯೊಂದರ ಹಿಂಭಾಗ ಕಳಚಿ ಅವಳ ತೊಡೆಯ ಮೇಲೆ ಬಿತ್ತು. ಒಳಗಿನಿಂದ ಕಂದು ಮರಿಗಳು, ಎಷ್ಟೋ, ಅವಳ ಮೊಳಕಾಲಿನತನಕ ಹರಿದವು. ಅವಳು ಕಿರುಚಲಿಲ್ಲ. ನಾನು ಓಡಿಹೋದಾಗ ಕೈಗಳನ್ನು ಎರಡೂ ಕಡೆ ಚಾಚಿ, ತನ್ನ ಮೈಯನ್ನೇ ಮುಟ್ಟಲು ಒಲ್ಲದೆ, ಗಾಬರಿಯಿಂದ ನನ್ನನ್ನು ನೋಡುತ್ತಿದ್ದಳು. ಕಿರುಚಿದವಳು ನಾನು.

ಅಲ್ಲಿಂದ ಅವಳು ಹೋಗುವುದು ನಿಂತುಹೋಯಿತು. ಮೊದಲ ದಿನ, ಎರಡನೆಯ ದಿನ, ಐದನೆಯ ದಿನ. ಹೊಟ್ಟೆ ಹಲಗೆಯಂತಾಯಿತು. ಊಟ ಬೇಡ ಅಂದಳು. ಚಡ್ಡಿಗೆ ಸ್ವಲ್ಪ ಸ್ವಲ್ಪ ಸೋರಲು ಶುರುವಾಯಿತು, ಕಂದು ನೀರು, ಬಗ್ಗಿದರೆ ಮುಖಕ್ಕೆ ಹೊಡೆಯುವ ವಾಸನೆ. ದಿನಕ್ಕೆ ಆರು ಚಡ್ಡಿ ತೊಳೆದೆ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಒಳಗೆ ಗಟ್ಟಿಯಾಗಿ ಕೂತಿದೆ, ಔಷಧ ಕೊಡುತ್ತೇನೆ, ಆದರೆ ಈಕೆ ತಾನಾಗಿ ಹೋಗಿ ಕೂರದಿದ್ದರೆ ಮತ್ತೆ ಮತ್ತೆ ಹೀಗೇ ಆಗುತ್ತದೆ, ಕರುಳು ತನ್ನ ಕೆಲಸ ಮರೆಯುತ್ತದೆ ಅಂದರು. ಹೆದರಿಸಬೇಡಿ, ಒತ್ತಾಯ ಬೇಡ ಅಂತಲೂ ಅಂದರು.

ಅಷ್ಟು ದಿನ ಆ ಬಾಗಿಲು ತೆರೆಯಲು ಧೈರ್ಯವಾಗದ ನಾನು ಮನೆಗೆ ಬಂದವಳೇ ಎಂಟೂ ಗೂಟ ಕಿತ್ತೆ. ಹಿಡಿದರೆ ಬೆರಳು ಒಳಗೆ ಹೋಗುತ್ತಿತ್ತು, ಕೊಳೆತ ಬಾಳೆಹಣ್ಣಿನ ಹಾಗೆ. ಗೋಡೆಗೆ ಬಿಸಿನೀರು, ಫಿನಾಯಿಲು. ಒರಟು ಕಲ್ಲಿನ ಸಂದಿಸಂದಿಗೂ ಬ್ರಷ್ಷು. ಗೌಂಡಿ ಹೇಳಿದಂತೆ ಅಲ್ಲಿ ಎಲ್ಲವೂ ಕುಳಿತಿತ್ತು: ಪೇಸ್ಟು, ಉಗುರು, ಸಾಬೂನಿನ ಜಿಡ್ಡು, ಹಸಿರು ಬಣ್ಣ, ಹೆಸರು ಹೇಳಲಾಗದ್ದು. ಗಂಡ ಅಂಗಡಿಯಿಂದ ಗಾಳಿ ಎಳೆಯುವ ಫ್ಯಾನು, ಎಂಟು ಸ್ಟೀಲ್ ಗೂಟ ತಂದು ತಾವೇ ಕುಳಿತು ಹಚ್ಚಿದರು. "ಮೊದಲ ಇವನ್ನ ಹಚ್ಚಬೇಕಿತ್ತು" ಎಂಬ ಮಾತು ಬಾಯಿತನಕ ಬಂದದ್ದು ಕಂಡಿತು, ಆಡಲಿಲ್ಲ. ಆಡಿದವರು ಅತ್ತೆ. "ಗಿಳಿ ಹೋದ್ವಲ್ಲ, ಇನ್ನ ನಿಮ್ಮವ್ವನ ಗೂಟಕ್ಕ ಏನು ನವಿಲು ತರ್ಸೂನು?" ಅಂತ ಮಗನನ್ನು ಕೇಳಿದರು. "ಹಲ್ಲಿ, ಜಿರಳಿ ತಿನ್ನಾಕ" ಅಂದ ಅವನು.

ಜಿರಳೆ ಹೋದವು, ವಾಸನೆ ಹೋಯಿತು. ಬಚ್ಚಲು ನನ್ನ ಶಾಲೆಯ ಪ್ರಾರ್ಥನೆಯ ಹಾಲಿನಂತೆ ಹೊಳೆಯಿತು. ಮಗಳು ಮಾತ್ರ ಬಾಗಿಲಿನ ಚೌಕಟ್ಟು ಬಿಡಲಿಲ್ಲ. "ನೋಡು ಚಿನ್ನಿ, ಒಂದೂ ಇಲ್ಲ" ಅಂದರೆ, "ಗೊತ್ತೈತಿ" ಅನ್ನುವಳು. ಗೊತ್ತಿದ್ದರೆ ಮತ್ತೆ ಯಾಕೆ? ಕೇಳಿದರೆ ಕಾಲನ್ನು ಇನ್ನೂ ಬಿಗಿಯಾಗಿ ಹೆಣೆಯುವಳು. ಔಷಧ ಕುಡಿಸಿದರೆ ಚಡ್ಡಿಯಲ್ಲೇ ಆಗುವುದು, ಮತ್ತೆ ಮೂರು ದಿನ ಬಿಗಿಹಿಡಿಯುವಳು.

ಒಂದು ಭಾನುವಾರ ಮಧ್ಯಾಹ್ನ ಒಣಗಿದ ಟವೆಲ್ಲು ಇಡಲು ಹೋದೆ. ಒಳಗೆ ಇಬ್ಬರೂ ಕನ್ನಡಿಯ ಮುಂದೆ ನಿಂತಿದ್ದರು, ಆನೆಯ ಮಣೆಯ ಮೇಲೆ ಒಂದೊಂದು ಕಾಲು. ನಾನು ಅರ್ಧ ತೆರೆದ ಬಾಗಿಲ ಹಿಂದೆ. ಏನೋ ಆಟ. ಮಗ ತಲೆಯನ್ನು ಹಿಂದಕ್ಕೆ ಎಳೆದು, ಮೂಗು ಮೇಲೆತ್ತಿ, ಮೇಲಿನ ತುಟಿ ಒಂದು ಕಡೆ ಸುಕ್ಕು ಮಾಡಿ, ಅರ್ಧ ಕಣ್ಣು ಮುಚ್ಚಿದ್ದ.

"ಈಗ ನೀ ಮಾಡು."

ಮಗಳು ಮಾಡಿದಳು.

"ನಿಂದು ಬರೋಬ್ಬರಿ ಇಲ್ಲ. ಮೂಗು ಇನ್ನೂ ಮ್ಯಾಗ. ಕುತ್ತಿಗಿ ಹಿಂದ. ಉಸಿರು ಬಿಡಬಾರ್ದು. ಮಮ್ಮಿ ಬಿಡಂಗಿಲ್ಲ."

ಅವಳು ಮತ್ತೆ ಮಾಡಿದಳು. ಈ ಸಲ ಬರೋಬ್ಬರಿ ಬಂತು. ಕನ್ನಡಿಯಲ್ಲಿ ಐದು ವರ್ಷದ ನನ್ನ ಮುಖ ನನಗೇ ಕಂಡಿತು. ಬ್ರಷ್ಷಿನ ಹಿಡಿಕೆಯಿಂದ ಕೂದಲು ಎತ್ತುವ ಮುಖ.

"ನಂಗ ತೊಳಿಯಾಕ ಬಂದಾಗ ಮಮ್ಮಿ ಇನ್ನೂ ಜೋರು ಮಾಡ್ತಾಳ" ಅಂದಳು ಮಗಳು. ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಅಣ್ಣನಿಗೆ ಗೊತ್ತಿಲ್ಲದ್ದನ್ನು ಹೇಳುವ ಹಮ್ಮು ಇತ್ತು.

"ನಾ ದೊಡ್ಡಾವ ಆಗೀನಿ, ನಾನ ತೊಳಕೋತೀನಿ. ನಂಗ ಹಂಗ ಮಾರಿ ಮಾಡಂಗಿಲ್ಲ."

"ಅದಕ್ಕ ನಾ ಹೋಗಂಗಿಲ್ಲ."

ಟವೆಲ್ಲುಗಳನ್ನು ಎದೆಗೆ ಹಿಡಿದುಕೊಂಡು ಹಿಂದಕ್ಕೆ ನಡೆದು ಹಿತ್ತಲಿಗೆ ಹೋದೆ. ಅತ್ತೆ ಅಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಕೈ ನಿಲ್ಲಿಸಲಿಲ್ಲ.

"ಕೂಸು ಹುಟ್ಟಿದಾಗಿಂದ ನೋಡಾಕತ್ತೀನಿ. ನೀ ಬಟ್ಟಿ ತೊಳಿಯೂದು, ಎಣ್ಣಿ ಹಚ್ಚೂದು, ಎಲ್ಲಾ ಛಲೋನ ಮಾಡ್ತಿ. ಕೈ ಮುಂದ ಇರ್ತಾವು, ಮಾರಿ ಆ ಕಡಿ ಇರ್ತೈತಿ."

"ಒಂದು ಮಾತು ಹೇಳಬಾರ್ದಾಗಿತ್ತೇನ್ರಿ ಅತ್ತಿ?"

"ಹೇಳಿದ್ರ ನನ್ನ ಕಡೀನೂ ಅದ ಮಾರಿ ಮಾಡ್ತಿದ್ದಿ."

ಆಗಲೂ ಆ ಮುಖ ಮಾಡಿದ್ದೆನೋ ಏನೋ. ಅವರು ನನ್ನನ್ನು ನೋಡಿ, ತೊಟ್ಟು ಮುರಿದ ಮೆಣಸಿನಕಾಯಿಯೊಂದನ್ನು ಮೊರಕ್ಕೆ ಒಗೆದರು.

ಮರುದಿನ ಬೆಳಿಗ್ಗೆ ಅವಳು ಚೌಕಟ್ಟು ಹಿಡಿದು ನಿಂತಾಗ ನಾನು ಒಳಗೆ ಹೋಗಿ ಆನೆಯ ಮಣೆಯ ಮೇಲೆ, ನೆಲದ ತೇವ ಸೀರೆಯ ಅಂಚಿಗೆ ತಾಗುತ್ತಿದ್ದರೂ, ಕುಳಿತುಕೊಂಡೆ. "ಇವತ್ತ ನಾ ಮಾರಿ ಮಾಡಂಗಿಲ್ಲ. ಮಾಡಿದ್ರ ನೀ ಔಟ್ ಅನ್ನು" ಅಂದೆ. ಅವರ ಮಾತು ನಾನು ಕೇಳಿಸಿಕೊಂಡೆನೆಂದು ಗೊತ್ತಾಗಿ ಅವಳು ಅಣ್ಣನ ಕಡೆ ನೋಡಿದಳು. ಅವನು ಬೆನ್ನಿಗೆ ಶಾಲೆಯ ಚೀಲ ಹಾಕಿಕೊಂಡೇ ಬಾಗಿಲಲ್ಲಿ ಅಂಪೈರಾಗಿ ನಿಂತ.

ಮೊದಲ ದಿನ ಏನೂ ಆಗಲಿಲ್ಲ. ಅವಳು ಕುಳಿತು, ನನ್ನ ಮುಖ ಕಾದು, ಎದ್ದಳು. ಎರಡನೆಯ ದಿನ ಮೂಗಿನ ಪಕ್ಕದ ನನ್ನ ಒಂದು ನರ ತಾನಾಗಿ ಎದ್ದಿತು. "ಔಟ್" ಎಂದು ಇಬ್ಬರೂ ಒಟ್ಟಿಗೆ ಅಂದರು. ಮೂರನೆಯ ದಿನ ಅವಳು ನನ್ನ ಹೆಗಲನ್ನು ಎರಡೂ ಕೈಯಿಂದ ಹಿಡಿದಳು. ಉಗುರು ನೆಟ್ಟಿದ್ದು ಗೊತ್ತಾಯಿತು. ಅವಳ ಕಣ್ಣಲ್ಲಿ ನೀರು ಬಂತು, ಗಂಟಲಿನಿಂದ ಸಣ್ಣ ಸದ್ದು ಬಂತು, ಆಮೇಲೆ ನೀರಿಗೆ ಕಲ್ಲು ಬಿದ್ದಂತೆ ಒಂದು, ಮತ್ತೊಂದು. ಅದರ ಹಿಂದೆ ದಿನಗಟ್ಟಲೆ ಒಳಗೆ ಕೂತಿದ್ದ ವಾಸನೆ. ಅಷ್ಟು ಹತ್ತಿರದಲ್ಲಿ ಅದಕ್ಕೆ ಒಂದು ರುಚಿಯೂ ಇರುತ್ತದೆ, ನಾಲಿಗೆಯ ಹಿಂದೆ ಬಂದು ಕೂರುತ್ತದೆ. ನನ್ನ ಹೊಟ್ಟೆಯ ಚಹಾ ಗಂಟಲಿಗೆ ಬಂತು. ನುಂಗಿದೆ. ಅವಳು ನನ್ನ ಮುಖದಿಂದ ಒಂದು ಬೆರಳು ದೂರದಲ್ಲಿ ನನ್ನ ಹುಬ್ಬು, ಮೂಗು, ತುಟಿ ಒಂದೊಂದನ್ನೇ ತಪಾಸಣೆ ಮಾಡುತ್ತಿದ್ದಳು, ಸಾಲಿನಲ್ಲಿ ನಿಲ್ಲಿಸಿ ಸಿಸ್ಟರು ಮಾಡುತ್ತಿದ್ದಂತೆಯೇ.

"ನಾಟೌಟ್" ಅಂದ ಮಗ, ತಾನು ಮಾತ್ರ ಮೂಗು ಹಿಡಿದುಕೊಂಡು, ಶಾಲೆಗೆ ಓಡಿದ.

ಹೇಸಿಗೆ ನನ್ನನ್ನು ಬಿಟ್ಟು ಹೋಗಿಲ್ಲ. ನಾನೇನೂ ಬದಲಾಗಿಲ್ಲ, ಈಗಲೂ ತೊಳೆದು ಹೊರಗೆ ಬಂದ ಮೇಲೆ ಹಿತ್ತಲಿಗೆ ಹೋಗಿ, ಯಾರೂ ಇಲ್ಲ ಅಂತ ನೋಡಿಕೊಂಡು, ತಡೆದಿಟ್ಟ ಮುಖವನ್ನೆಲ್ಲ ಗೋಡೆಯ ಕಡೆ ಮಾಡಿಬಿಡುತ್ತೇನೆ. ಕೆನ್ನೆ ನೋಯುತ್ತಿರುತ್ತದೆ. ಮಕ್ಕಳು ಸ್ಟೀಲಿನ ಗೂಟಗಳಿಗೆ ಟವೆಲ್ಲು ಹಾಕುವುದಿಲ್ಲ, ಬೇಸಿನ್ನಿನ ಮೇಲೆ ಮುದ್ದೆ ಮಾಡಿ ಎಸೆಯುತ್ತಾರೆ. ಕಿನ್ನಾಳದ ಕಾಕಾರಿಗೆ ಫೋನು ಮಾಡಿ, ಗಿಳಿ ಕೊಳೆತವು, ನಿಮ್ಮ ಮಾತು ಕೇಳಬೇಕಿತ್ತು ಅಂದೆ. ಅವರು ನಕ್ಕು, ಇನ್ನೊಂದು ಮಾಡಿಕೊಡುತ್ತೇನೆ, ಒಣಗಿದ ಜಾಗದಲ್ಲಿ ಇಡಿ ಅಂದರು. ಅದು ಟಿವಿಯ ಪಕ್ಕದ ಕಪಾಟಿನಲ್ಲಿದೆ. ಮಗಳು ಹೋಗುವಾಗ ಬರುವಾಗ ಅದರ ಹೊಟ್ಟೆ ಸವರುತ್ತಾಳೆ.

ನಿನ್ನೆ ಬೆಳಿಗ್ಗೆ ಒಳಗಿನಿಂದ ಕೂಗಿದಳು. ಹೋದೆ. ಅವಳು ಆಗಲೇ ಕೆಳಗಿಳಿದು, ಅಂಗಿ ಎತ್ತಿ ಹಿಡಿದು, ಸೀಟಿನೊಳಗೆ ಬಗ್ಗಿ ನೋಡುತ್ತಿದ್ದಳು.

"ಮಮ್ಮಿ, ಬಾ ನೋಡು. ಎಷ್ಟು ದೊಡ್ಡದೈತಿ."

ಬಗ್ಗಿ ನೋಡಿದೆ. ಅವಳು ನನ್ನ ಮುಖ ನೋಡಿದಳು.

"ಛಲೋ ಐತೇನು?"

ಉಸಿರು ಬಿಟ್ಟೆ, ಮತ್ತೆ ಒಳಗೆಳೆದುಕೊಂಡೆ, ಪೂರ್ತಿ, ಮೂಗಿನಿಂದಲೇ.

"ಭಾಳ ಛಲೋ ಐತಿ" ಅಂದೆ. ನೀರು ಬಿಡುವ ಗುಂಡಿಯನ್ನು ಅವಳೇ ಒತ್ತಿದಳು.